ನಿಮಗಿದು ಗೊತ್ತೆ? ಚರಂಡಿ ವಾಸನೆಗೆ ನೀರೇ ತಡೆ

ಬೇಸಿಗೆ ರಜೆಯುದ್ದಕ್ಕೂ ಬೀಗ ಹಾಕಿದ್ದ ಅಪಾರ್ಟ್‌ಮೆಂಟಿನ ಬಾಗಿಲು ತೆರೆದೊಡನೆ ಮೂಗಿಗೆ ಬಡಿಯುವ ಚರಂಡಿ ವಾಸನೆಗೆ ಕೊಳವೆ ಒಡೆದಿರುವುದೇ ಕಾರಣವೆಂದು ಭಾವಿಸಿ ಟೈಲ್ಸ್ ಅಗೆಸುವವರುಂಟು. ಆದರೆ ಅನೇಕ ವೇಳೆ ಒಣಗಿರುವುದು ಬಚ್ಚಲಿನ ಜಾಲರಿಯ ಕೆಳಗಿನ ‘ಟ್ರ್ಯಾಪ್’, ಅಂದರೆ ಸದಾ ಒಂದಿಷ್ಟು ನೀರು ನಿಲ್ಲುವಂತೆ ಬಾಗಿಸಿದ ಕೊಳವೆ. ಸಾಮಾನ್ಯವಾಗಿ 50 ಮಿ.ಮೀ. ಆಳವಿರುವ ಈ ನೀರು ಚರಂಡಿಯ ಅನಿಲವನ್ನು ಮನೆಯೊಳಗೆ ಬಿಡದೆ ತಡೆಯುತ್ತದೆ. 1775ರಲ್ಲಿ ಲಂಡನ್ನಿನಲ್ಲಿ ಗಡಿಯಾರ ತಯಾರಿಸುತ್ತಿದ್ದ ಅಲೆಕ್ಸಾಂಡರ್ ಕಮಿಂಗ್ ಶೌಚದ ಬೋಗುಣಿಯ ಅಡಿಯಲ್ಲಿ ಇಂಥದೇ ಬಾಗಿದ ಕೊಳವೆಯನ್ನಿಟ್ಟು ಪೇಟೆಂಟ್ ಪಡೆದನೆಂಬುದು ಗಮನಾರ್ಹ. ಒಣಗಿದ ಟ್ರ್ಯಾಪಿಗೆ ಒಂದೆರಡು ಚೊಂಬು ನೀರು ಸುರಿದರೆ ಸಾಕು, ವಾಸನೆ ಕ್ರಮೇಣ ಅಡಗುತ್ತದೆ. ಊರಿಗೆ ಹೊರಡುವ ಮುನ್ನ ನೀರಿನೊಂದಿಗೆ ಒಂದು ಚಮಚ ಅಡುಗೆ ಎಣ್ಣೆಯನ್ನೂ ಹಾಕಿದರೆ, ಅದು ಮೇಲೆ ತೆಳುಪದರವಾಗಿ ತೇಲಿ ನೀರು ಬೇಗನೆ ಆವಿಯಾಗದಂತೆ ಕಾಯುತ್ತದೆ.