ಫೋನಿನ ಕ್ಯಾಲೆಂಡರ್: ಲಸಿಕೆಯ ದಿನಾಂಕ ಎಷ್ಟು ಮನೆ ತಲುಪಿತು?



ಬ್ರೂಸೆಲ್ಲಾ, ಅಂದರೆ ಕಂದು ಹಾಕುವ ರೋಗದ ಲಸಿಕೆಯನ್ನು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ, ಅದೂ ಜೀವಮಾನದಲ್ಲಿ ಒಮ್ಮೆ ಹಾಕಲಾಗುತ್ತದೆ. ಶಿಬಿರದ ದಿನ ತಪ್ಪಿ, ಮುಂದಿನ ಶಿಬಿರದ ವೇಳೆಗೆ ಕರುವಿಗೆ 9 ತಿಂಗಳಾಗಿದ್ದರೆ ಅವಕಾಶ ಮುಗಿದಂತೆಯೇ. ಮುಂದೆ ಅದು ಗಬ್ಬವಾಗಿ ಕಂದು ಹಾಕಿದರೆ ನಷ್ಟ ತಮ್ಮದು. ರೋಗ ಮನುಷ್ಯರಿಗೂ ತಗಲುವಂಥದು.

ಶಿಬಿರದ ದಿನಾಂಕಗಳನ್ನು ಗೂಗಲ್ ಕ್ಯಾಲೆಂಡರಿನಲ್ಲಿ ಬರೆದು, ಅದರ ಕೊಂಡಿಯನ್ನು ಸದಸ್ಯರಿಗೆಲ್ಲ ಕಳುಹಿಸುವುದು ಕಾರ್ಯದರ್ಶಿಯವರಿಗೆ ಸುಲಭ, ಖರ್ಚೂ ಇಲ್ಲ. ಆದರೆ ಕಳುಹಿಸಿದ್ದೇ ಬೇರೆ, ತಲುಪಿದ್ದೇ ಬೇರೆ.

ಈ ಕೊಂಡಿಗೆ ಫೀಡ್ ಎಂದು ಹೆಸರು (ದನಕ್ಕೆ ಹಾಕುವ ಫೀಡ್ ಅಲ್ಲ!). 1998ರಲ್ಲಿ ರೂಪುಗೊಂಡ ಐಕ್ಯಾಲೆಂಡರ್ ಎಂಬ ನಮೂನೆಯಲ್ಲಿರುವುದರಿಂದ ಬೇರೆ ಬೇರೆ ಕಂಪನಿಯ ಫೋನುಗಳೂ ಇದನ್ನು ಓದಬಲ್ಲವು. ಇದನ್ನು ಸಂಘದ ಸೂಚನಾ ಫಲಕವೆಂದು ತಿಳಿಯಿರಿ. ಫಲಕ ತಾನಾಗಿ ಮನೆಗೆ ಬರುವುದಿಲ್ಲ. ಯಾರಾದರೂ ಬಂದು ನೋಡಿಕೊಂಡು ಹೋಗಬೇಕು. ಚಂದಾದಾರರ ಪರವಾಗಿ ಆ ಕೆಲಸವನ್ನು ಫೋನು ಅಥವಾ ಕಂಪನಿಯ ಕಂಪ್ಯೂಟರ್ ಮಾಡುತ್ತದೆ, ಆದರೆ ತನ್ನ ಬಿಡುವಿನಂತೆ. ಹೀಗೆ ವಿಳಾಸ ಕೊಟ್ಟು ಸೇರಿಸಿದ ಕ್ಯಾಲೆಂಡರಿನ ಬದಲಾವಣೆ ಗೂಗಲ್‌ನಲ್ಲಿ ಕಾಣಲು 12 ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯಬಹುದು. ಸಂಜೆ ಹಾಲು ಹಾಕುವ ಹೊತ್ತಿಗೆ ಮುಂದೂಡಿದ ಶಿಬಿರ ಮರುದಿನ ಬೆಳಿಗ್ಗೆ ತಮ್ಮ ಫೋನಿನಲ್ಲಿ ಹಳೆಯ ದಿನಾಂಕದಲ್ಲೇ ಕುಳಿತಿರಬಹುದು.

ಕೆಲವರು ಚಂದಾದಾರರಾಗುವ ಬದಲು ಕಡತವನ್ನು ಇಂಪೋರ್ಟ್ ಮಾಡಿಕೊಳ್ಳುತ್ತಾರೆ. ಅದು ಫಲಕದಲ್ಲಿರುವುದನ್ನು ಒಮ್ಮೆ ಚೀಟಿಯಲ್ಲಿ ಬರೆದುಕೊಂಡಂತೆ. ಫಲಕ ಬದಲಾದರೂ ಚೀಟಿ ಬದಲಾಗದು. ನನ್ನ ಮಟ್ಟಿಗೆ ಏನೂ ಇಲ್ಲದಿರುವುದಕ್ಕಿಂತ ಇದೇ ಹೆಚ್ಚು ಅಪಾಯಕಾರಿ. ದಿನಾಂಕ ಗೊತ್ತಿದೆಯೆಂದು ನಂಬಿದವರು ಯಾರನ್ನೂ ವಿಚಾರಿಸುವುದಿಲ್ಲ.

ಹಾಗಾದರೆ ಚಂದಾದಾರರೆಷ್ಟು? ಇ-ಮೇಲ್ ವಿಳಾಸ ಕೊಟ್ಟು ಹಂಚಿಕೊಂಡವರ ಪಟ್ಟಿ ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತದೆ. ಸಾರ್ವಜನಿಕ ಕೊಂಡಿಯಿಂದ ಸೇರಿದವರ ಎಣಿಕೆಯನ್ನು ಗೂಗಲ್ ತೋರಿಸುವುದಿಲ್ಲ. ಕಡತವನ್ನು ಸ್ವಂತ ಸರ್ವರಿನಲ್ಲಿ ಇಟ್ಟಿದ್ದರೆ ಅದನ್ನು ಎಷ್ಟು ಬಾರಿ ಕೇಳಲಾಯಿತೆಂಬ ದಾಖಲೆ ಇರುತ್ತದೆ, ಆದರೆ ಅದು ತಲೆ ಎಣಿಕೆಯಲ್ಲ. ಒಂದೇ ಫೋನು ದಿನಕ್ಕೆ ಹತ್ತು ಬಾರಿ ಕೇಳಬಹುದು. ಕಂಪನಿಯ ಒಂದೇ ಯಂತ್ರ ಹಲವರ ಪರವಾಗಿ ಒಮ್ಮೆ ಕೇಳಬಹುದು. ಕ್ಯಾನು ಎಣಿಸಿ ಸದಸ್ಯರ ಸಂಖ್ಯೆ ಹೇಳಲಾದೀತೆ?

ಆದ್ದರಿಂದ ಸಂಘದಲ್ಲಿ ಒಂದು ಪುಸ್ತಕ ಇಡಿಸಿ. ಸದಸ್ಯರ ಸಂಖ್ಯೆ, ಫೋನು, ಚಂದಾದಾರರೇ ಅಥವಾ ಇಂಪೋರ್ಟ್ ಮಾಡಿಕೊಂಡವರೇ, ಮನೆಯಲ್ಲಿರುವ ಹೆಣ್ಣು ಕರುವಿನ ಹುಟ್ಟಿದ ದಿನ, ಇಷ್ಟು ಬರೆದರೆ ಸಾಕು. ಕ್ಯಾಲೆಂಡರಿನಲ್ಲಿ "ಪರೀಕ್ಷೆ" ಎಂದು ಒಂದು ದಿನ ನಮೂದಿಸಿ, ಎರಡು ದಿನ ಬಿಟ್ಟು ಹಾಲು ಹಾಕುವಾಗ ಯಾರಿಗೆ ಕಂಡಿತೆಂದು ಕೇಳುವುದು ಒಳ್ಳೆಯ ಉಪಾಯ. ಶಿಬಿರಕ್ಕೆ ಎರಡು ದಿನವಿರುವಾಗ ದಿನಾಂಕ ಬದಲಾದರೆ, ಆ ಪುಸ್ತಕ ನೋಡಿ ಕರುವಿರುವ ಮನೆಗಳಿಗೆ ಫೋನ್ ಮಾಡಿಯೇ ತಿಳಿಸಬೇಕು.

ಆಂಡ್ರಾಯ್ಡ್ ಫೋನಿನ ಗೂಗಲ್ ಕ್ಯಾಲೆಂಡರ್ ಆ್ಯಪ್‌ನಲ್ಲಿ ಫೀಡಿನ ವಿಳಾಸ ಸೇರಿಸಲು ಬರುವುದಿಲ್ಲ. ಕಂಪ್ಯೂಟರಿನಲ್ಲಿ ಒಮ್ಮೆ ಸೇರಿಸಬೇಕು. ತಮ್ಮ ಜಿಮೇಲ್ ಖಾತೆಯ ಪಾಸ್‌ವರ್ಡ್ ನೆನಪಿಟ್ಟುಕೊಂಡು ಸಂಘಕ್ಕೆ ಬನ್ನಿ, ಆದರೆ ಅದನ್ನು ತಾವೇ ಒತ್ತಿ, ಯಾರಿಗೂ ಹೇಳಬೇಡಿ.