ಬುಲೆಟ್ಟಿನ ಹಿಂದಿನ ಚಕ್ರ: ಮೊದಲು ಎತ್ತರ, ಆಮೇಲೆ ಅಗಲ

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳ ಮುಂದೆ ಬುಲೆಟ್ ತಂದು ನಿಲ್ಲಿಸುವ ಹುಡುಗರ ಮೊದಲ ಮಾತು ಸಾಮಾನ್ಯವಾಗಿ ಇದೇ: ‘ಅಣ್ಣ, ಹಿಂದಕ್ಕೆ ಎಷ್ಟು ದಪ್ಪದ್ದು ಕೂರುತ್ತೆ?’ ಅಂಗಡಿಯವನು ಮಡ್‌ಗಾರ್ಡಿನ ಕೆಳಗೆ ಬಗ್ಗಿ ನೋಡಿ, ‘ನೂರಾ ಮೂವತ್ತು ಆರಾಮಾಗಿ ಕೂರುತ್ತೆ. ನೂರಾ ನಲವತ್ತೂ ಹಾಕ್ಬೋದು, ಸ್ವಲ್ಪ ಅಡ್ಜಸ್ಟ್ ಮಾಡ್ಬೇಕು ಅಷ್ಟೇ’ ಅನ್ನುತ್ತಾನೆ. ಆ ‘ಸ್ವಲ್ಪ ಅಡ್ಜಸ್ಟ್’ ಒಳಗೆ ಚೈನ್ ಕವರ್ ಕತ್ತರಿಸುವುದು, ಹಬ್ಬಿನ ಪಕ್ಕ ವಾಷರ್ ತುಂಬುವುದು, ಮಡ್‌ಗಾರ್ಡಿನ ಕಂಬಿ ಬಗ್ಗಿಸುವುದು ಎಲ್ಲವೂ ಅಡಗಿರುತ್ತವೆ. ಟೈರಿನ ಎತ್ತರದ ಬಗ್ಗೆ ಮಾತ್ರ ಇಬ್ಬರೂ ತುಟಿ ಬಿಚ್ಚುವುದಿಲ್ಲ. ಹಿಂದಿನ ಚಕ್ರವನ್ನೇ ಬದಲಿಸಲು ಹೊರಟವರು ಮೊದಲು ಕೇಳಬೇಕಾದದ್ದು ಅದನ್ನೇ ಎಂಬುದು ನನ್ನ ವಾದ.

ಬದಲಿಸಲು ಕಾರಣಗಳಿಗೇನೂ ಬರವಿಲ್ಲ. ಹಳೆಯ ಸ್ಟ್ಯಾಂಡರ್ಡ್ ಬುಲೆಟ್ಟಿಗೆ ಹಿಂದೆಯೂ ಮುಂದೆಯೂ ಒಂದೇ ಅಳತೆ, 3.25-19. ಹಿಂದಿನ ಚಕ್ರಕ್ಕೆ 19 ಇಂಚಿನ ಟೈರು ಬೇಕೆಂದರೆ ಇವತ್ತು ಆಯ್ಕೆ ತೀರಾ ಕಡಿಮೆ. ಕಡ್ಡಿ ಚಕ್ರಕ್ಕೆ ಟ್ಯೂಬು ಬೇಕು. ಟ್ಯೂಬು ಒಡೆದರೆ ಗಾಳಿ ಒಂದೇ ಏಟಿಗೆ ಹೋಗುತ್ತದೆ, ಶಿರಾಡಿ ಘಾಟಿಯ ನಡುವೆ ಆ ಭಾರದ ಗಾಡಿಯ ಚಕ್ರ ಬಿಚ್ಚುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಹಾಗಾಗಿ 18ರ ರಿಮ್ಮು ಹಾಕಿಸುವವರಿದ್ದಾರೆ, 17ರ ಅಲಾಯ್ ಹಾಕಿಸುವವರಿದ್ದಾರೆ. ಇನ್ನು ಬರೀ ಅಂದಕ್ಕೆ ಮಾಡಿಸುವವರದೇ ದೊಡ್ಡ ಪಾಲು. 2008ರಲ್ಲಿ ಯಮಹಾ ಎಫ್‌ಝಡ್16 ಹಿಂದೆ 140/60-17ರ ರೇಡಿಯಲ್ ಟೈರು ಕಟ್ಟಿಕೊಂಡು ರಸ್ತೆಗಿಳಿದ ಮೇಲೆ ಹಿಡಿದ ದಪ್ಪ ಟೈರಿನ ಹುಚ್ಚು ಇನ್ನೂ ಇಳಿದಿಲ್ಲ. 2.75 ಇಂಚಿನ ಟೈರಿನಲ್ಲಿ ಚಿಗರೆಯಂತೆ ಓಡುತ್ತಿದ್ದ ಆರ್‌ಎಕ್ಸ್ 100ಕ್ಕೂ ಕಾರಿನ ಚಕ್ರದಂಥದ್ದು ಸಿಕ್ಕಿಸಿ ಅದರ ಓಟ ಕೆಡಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಎತ್ತರಕ್ಕೆ ಬರೋಣ. ಟೈರಿನ ಪಕ್ಕದಲ್ಲಿ 120/80-18 ಎಂದು ಅಚ್ಚಾಗಿರುತ್ತದೆ. 120 ಎಂದರೆ ಮಿಲಿಮೀಟರಿನಲ್ಲಿ ಅಗಲ. ನಡುವಿನ 80 ಎತ್ತರವಲ್ಲ. ಅಗಲದ ಶೇ 80ರಷ್ಟು ಪಕ್ಕದ ಗೋಡೆಯ ಎತ್ತರ, ಅಂದರೆ 96 ಮಿ.ಮೀ. ಕೊನೆಯ 18 ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದು ಇಂಚಿಗೆ 25.4 ಮಿ.ಮೀ. ಲೆಕ್ಕದಲ್ಲಿ ರಿಮ್ಮು 457.2 ಮಿ.ಮೀ. ಮೇಲೊಂದು ಕೆಳಗೊಂದು ಗೋಡೆ ಸೇರಿಸಿದರೆ ಚಕ್ರದ ಪೂರ್ತಿ ಎತ್ತರ 649.2 ಮಿ.ಮೀ. ಹೈಸ್ಕೂಲ್ ಹುಡುಗ ಮಾಡುವ ಲೆಕ್ಕ ಇದು, ಆದರೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಇಷ್ಟನ್ನು ಕೂಡಿಸಿ ನೋಡುವವರು ಅಪರೂಪ.

ಇದೇ ಲೆಕ್ಕವನ್ನು ರಾಯಲ್ ಎನ್‌ಫೀಲ್ಡ್ ಗಾಡಿಗಳ ಮೇಲೆ ಒಂದು ಸುತ್ತು ಓಡಿಸಿದರೆ ಸ್ವಾರಸ್ಯ ಕಾಣುತ್ತದೆ. ಹಳೆಯ 3.25-19ರಲ್ಲಿ ಗೋಡೆಯ ಎತ್ತರ ಸುಮಾರಾಗಿ ಅಗಲದಷ್ಟೇ ಎಂದು ಹಿಡಿದರೆ ಪೂರ್ತಿ ಎತ್ತರ 648 ಮಿ.ಮೀ. ಆಸುಪಾಸು. ಈಗಿನ ಕ್ಲಾಸಿಕ್ 350ರ ಹಿಂದಿನ 120/80-18, ಆಗಲೇ ನೋಡಿದಂತೆ, 649. ಮೊದಲ ತಲೆಮಾರಿನ ಹಿಮಾಲಯನ್‌ನ ಹಿಂದಿನ 120/90-17ಕ್ಕೂ ಅದೇ 648. ರಿಮ್ಮು 19ರಿಂದ 18ಕ್ಕೆ, 18ರಿಂದ 17ಕ್ಕೆ ಇಳಿದಿದೆ. ನೆಲದಿಂದ ಟೈರಿನ ನೆತ್ತಿಯವರೆಗಿನ ಎತ್ತರ ಮಾತ್ರ ಅಲ್ಲಾಡಿಲ್ಲ. ರಿಮ್ಮು ಕುಗ್ಗಿದಷ್ಟೂ ರಬ್ಬರು ಬೆಳೆದು ಜಾಗ ತುಂಬಿದೆ. ಹಳೆಯ ಬುಲೆಟ್ಟಿಗೆ 18ರ ಚಕ್ರ ಹಾಕಿಸಿದರೆ 120/80, 17ರದಾದರೆ 120/90 ಎಂದು ನಾನು ಕಣ್ಣುಮುಚ್ಚಿ ಹೇಳುವುದು ಈ ಕಾರಣಕ್ಕೆ.

ಈಗ ಮೀಟಿಯರ್, ಹಂಟರ್‌ಗಳ ಅಲಾಯ್ ತಂದು ಕ್ಲಾಸಿಕ್‌ಗೆ ಹಾಕುವ ಖಯಾಲಿ ನೋಡಿ. ಅವೆರಡರ ಹಿಂದಿನ ಟೈರು 140/70-17. ಎರಡೂ ಗೋಡೆ ಸೇರಿ ಇನ್ನೂರಕ್ಕೆ ನಾಲ್ಕು ಕಡಿಮೆ, 431.8 ರಿಮ್ಮು, ಒಟ್ಟು 627.8 ಮಿ.ಮೀ. ನೋಡಲು ದಪ್ಪ, ಎತ್ತರದಲ್ಲಿ ಎರಡು ಸೆಂಟಿಮೀಟರಿಗೂ ಹೆಚ್ಚು ಗಿಡ್ಡ. ಚಕ್ರ ಒಂದು ಸುತ್ತಿಗೆ ಕ್ರಮಿಸುವ ದೂರ ಶೇ 3ಕ್ಕೂ ಹೆಚ್ಚು ಕಡಿಮೆಯಾಯಿತು. 38 ಹಲ್ಲಿನ ಹಿಂದಿನ ಸ್ಪ್ರಾಕೆಟ್ಟಿಗೆ ಒಂದು ಹಲ್ಲು ಸೇರಿಸಿದರೆ ಆಗುವ ವ್ಯತ್ಯಾಸ ಶೇ 2.6, ಇದು ಅದಕ್ಕಿಂತ ಜಾಸ್ತಿ. ಏರಿನಲ್ಲಿ ಎಳೆತ ಚೂರು ಚುರುಕಾದೀತು, ಹೆದ್ದಾರಿಯಲ್ಲಿ ಅದೇ ವೇಗಕ್ಕೆ ಎಂಜಿನ್ ಹೆಚ್ಚು ತಿರುಗಬೇಕು. ಗಾಡಿಯ ಹಿಂಭಾಗ ಒಂದು ಸೆಂಟಿಮೀಟರಿನಷ್ಟು ಕೂರುತ್ತದೆ. ಹಿಂದೆ ಕುಸಿದರೆ ಮುಂದಿನ ಫೋರ್ಕು ಅಷ್ಟೇ ಹಿಂದಕ್ಕೆ ವಾಲಿ ಹ್ಯಾಂಡಲ್ ತಿರುವಿನಲ್ಲಿ ಕೊಂಚ ಸೋಮಾರಿಯಾಗುತ್ತದೆ. ಡಬಲ್ ಸ್ಟ್ಯಾಂಡ್ ಹಾಕುವಾಗ ಗಾಡಿಯನ್ನು ಮೊದಲಿಗಿಂತ ಎತ್ತರಕ್ಕೆ ಎತ್ತಬೇಕಾಗಿ ಸೊಂಟ ಹಿಡಿಯುತ್ತದೆ. ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ನೆಟ್ಟಗೆ ನಿಂತು, ಪಕ್ಕದವರು ತಾಗಿದರೂ ಆ ಕಡೆಗೆ ಉರುಳುವ ಭಯ. ಮೀಟಿಯರ್‌ನಲ್ಲಿ ಇದ್ಯಾವುದೂ ತೊಂದರೆಯಲ್ಲ, ಏಕೆಂದರೆ ಆ ಗಾಡಿಯನ್ನು ಆ ಎತ್ತರಕ್ಕೆಂದೇ ಕಟ್ಟಿದ್ದಾರೆ.

ಕಾಗದದ ಲೆಕ್ಕವನ್ನು ನೆಲದ ಮೇಲೂ ಪರೀಕ್ಷಿಸಬಹುದು. ಟೈರು ನೆಲ ಮುಟ್ಟುವಲ್ಲಿ ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಎಳೆದು, ಒಬ್ಬರು ಸೀಟಿನ ಮೇಲೆ ಕೂತು, ಇನ್ನೊಬ್ಬರು ಗಾಡಿಯನ್ನು ನೇರವಾಗಿ ತಳ್ಳಬೇಕು. ಟೈರಿನ ಗೆರೆ ಮತ್ತೆ ಕೆಳಕ್ಕೆ ಬಂದಲ್ಲಿ ನೆಲಕ್ಕೆ ಇನ್ನೊಂದು ಗೆರೆ. ಎರಡರ ನಡುವೆ ಟೇಪು ಹಿಡಿದರೆ ಚಕ್ರದ ನಿಜವಾದ ಸುತ್ತಳತೆ ಸಿಗುತ್ತದೆ. 120/80-18ಕ್ಕೆ ಲೆಕ್ಕದ ಪ್ರಕಾರ 2,040 ಮಿ.ಮೀ. ಬರಬೇಕು, ಭಾರಕ್ಕೆ ಟೈರು ಅದುಮಿಕೊಳ್ಳುವುದರಿಂದ ಕೊಂಚ ಕಡಿಮೆಯೇ ಬರುತ್ತದೆ. ಒಂದೇ ಅಳತೆ ಅಚ್ಚಾಗಿದ್ದರೂ ಕಂಪನಿಯಿಂದ ಕಂಪನಿಗೆ ಕೆಲವು ಮಿಲಿಮೀಟರು ಹೆಚ್ಚುಕಡಿಮೆ ಇರುತ್ತದೆ. ಹಳೆಯ ಚಕ್ರ ಬಿಚ್ಚುವ ಮೊದಲೇ ಇದನ್ನು ಮಾಡಿ ಬರೆದಿಟ್ಟುಕೊಂಡರೆ ಹೊಸದನ್ನು ಹೋಲಿಸಲು ಆಧಾರವಿರುತ್ತದೆ.

ಎತ್ತರ ಕೂತ ಮೇಲೆ ಅಗಲದ ಮಾತು. ಅಗಲವನ್ನು ನಿರ್ಧರಿಸುವುದು ನಿಮ್ಮ ಆಸೆಯಲ್ಲ, ರಿಮ್ಮು. ಹಳೆಯ ಬುಲೆಟ್ಟಿನ 19ರ ರಿಮ್ಮಿನ ಒಳ ಅಗಲ 1.85 ಇಂಚು. 120ರ ಟೈರು ಕೂರಲು ಎರಡೂವರೆಯಿಂದ ಮೂರು ಇಂಚು ಇದ್ದರೆ ಸರಿ. 140/70ಕ್ಕೆ ಮೂರೂವರೆಗಿಂತ ಕಡಿಮೆ ಸಲ್ಲದು. ಈ ಅಳತೆ ರಿಮ್ಮಿನ ಮೈಮೇಲೆಯೇ ಕೊರೆದಿರುತ್ತದೆ. ಅಳೆದು ನೋಡುವುದಾದರೆ ರಿಮ್ಮಿನ ಎರಡು ಅಂಚುಗಳ ಒಳಮೈ ನಡುವೆ ಅಳೆಯಬೇಕು, ಹೊರಗಿನಿಂದ ಹೊರಕ್ಕಲ್ಲ. ಸಣ್ಣ ರಿಮ್ಮಿಗೆ ದಪ್ಪ ಟೈರು ತುರುಕಿದರೆ ಬುಡ ಹಿಸುಕಿದಂತಾಗಿ ನೆತ್ತಿ ಉಬ್ಬುತ್ತದೆ. ಆಮೇಲೆ ನೆಲ ಮುಟ್ಟುವುದು ನಡುವಿನ ಕಿರಿದಾದ ಪಟ್ಟಿ ಮಾತ್ರ. ದುಡ್ಡು ಕೊಟ್ಟು ತಂದ ಅಗಲ ಎರಡೂ ಪಕ್ಕ ಗಾಳಿಯಲ್ಲಿ ನೇತಾಡುತ್ತದೆ. ನಡುಭಾಗ ಬೋಳಾಗಿ ಅಂಚಿನಲ್ಲಿ ಹೊಸ ಟೈರಿನ ಮೀಸೆ ಹಾಗೇ ಉಳಿದ ಎಷ್ಟೋ ಗಾಡಿಗಳನ್ನು ನಮ್ಮ ರಸ್ತೆಗಳಲ್ಲಿ ನೋಡಬಹುದು.

ದಪ್ಪ ಟೈರಿಗೆ ಹಿಡಿತ ಜಾಸ್ತಿ ಎಂಬ ನಂಬಿಕೆಯನ್ನೂ ಒಮ್ಮೆ ಕೆದಕಬೇಕು. ಟೈರು ನೆಲಕ್ಕೆ ಊರುವ ಜಾಗದ ವಿಸ್ತೀರ್ಣ ಮುಖ್ಯವಾಗಿ ಎರಡರ ಮೇಲೆ ನಿಂತಿದೆ: ಮೇಲಿನ ಭಾರ, ಒಳಗಿನ ಗಾಳಿ. ಹಿಂಬದಿ ಸವಾರರೂ ಸೇರಿ ಹಿಂದಿನ ಚಕ್ರದ ಮೇಲೆ 200 ಕೆ.ಜಿ. ಇದೆ, ಗಾಳಿ 30 ಪೌಂಡ್ ಇದೆ ಎಂದಿಟ್ಟುಕೊಳ್ಳಿ. 30 ಪೌಂಡ್ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕೆ.ಜಿ. ಒತ್ತಡ. ಭಾಗಿಸಿದರೆ 95 ಚದರ ಸೆಂಟಿಮೀಟರು ಬಂತು, ಅಂದರೆ ಹೆಚ್ಚುಕಡಿಮೆ ಒಂದು ಅಂಗೈ ಅಗಲ. ಟೈರು 120 ಇರಲಿ, 140 ಇರಲಿ, ಈ ಅಂಗೈ ದೊಡ್ಡದಾಗಿ ಬೆಳೆಯುವುದಿಲ್ಲ. ಅದರ ಆಕಾರ ಬದಲಾಗುತ್ತದೆ, ಉದ್ದ ಕಮ್ಮಿಯಾಗಿ ಅಡ್ಡ ಹರಡುತ್ತದೆ. ದೊಡ್ಡ ಎಂಜಿನ್ ಗಾಡಿಗಳು ತಿರುವಿನಲ್ಲಿ ಪೂರ್ತಿ ಒರಗಿ ಓಡುವಾಗ ಆ ಅಗಲಕ್ಕೆ ಕೆಲಸವಿದೆ. ಇಪ್ಪತ್ತು ಕುದುರೆ ಶಕ್ತಿಯ ಬುಲೆಟ್ಟಿಗೆ ಹೆಚ್ಚಿನ ರಬ್ಬರೆಂದರೆ ಹೊರುವ ಭಾರ, ಇಳಿಯುವ ಮೈಲೇಜು. ಮಳೆಗಾಲದ ಆಗುಂಬೆ, ಚಾರ್ಮಾಡಿಗಳಲ್ಲಿ ಲೆಕ್ಕಕ್ಕೆ ಬರುವುದು ರಬ್ಬರಿನ ಮೃದುತನ, ನೀರು ಹೊರಗಟ್ಟುವ ಗೀರುಗಳು, ಸರಿಯಾದ ಗಾಳಿ. ದೊಡ್ಡ ಗಡ್ಡೆಗಳ ಆಫ್‌ರೋಡ್ ಟೈರು ಕಾಫಿ ತೋಟದ ಕೆಸರಿಗೆ ಚೆನ್ನ. ಒದ್ದೆ ಡಾಂಬರಿನ ಮೇಲೆ ರಸ್ತೆ ಟೈರಿನಷ್ಟು ಭರವಸೆ ಕೊಡುವುದಿಲ್ಲ, ಸದ್ದು ಬೇರೆ.

ಹಿಂದಿನ ಚಕ್ರವೆಂದರೆ ರಿಮ್ಮು–ಟೈರು ಮಾತ್ರವಲ್ಲ, ಹಬ್ಬು, ಬ್ರೇಕು, ಸ್ಪ್ರಾಕೆಟ್ಟು ಎಲ್ಲವೂ ಜೊತೆಗೆ ಬರುತ್ತವೆ. ಹಳೆಯ ಬುಲೆಟ್ಟಿನಲ್ಲಿ ಚೈನು, ಸ್ಪ್ರಾಕೆಟ್ಟು ಅಲ್ಲೇ ಬಿಟ್ಟು ಚಕ್ರವನ್ನಷ್ಟೇ ಈಚೆಗೆ ಎಳೆದುಕೊಳ್ಳುವ ಏರ್ಪಾಡಿತ್ತು. ಮೈಸೂರಿನ ಯಾದವಗಿರಿಯಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳಲ್ಲೂ ಇದೇ ಜಾಣತನ. (ಅದೇ ಮೈಸೂರಿನ ಮೇಟಗಳ್ಳಿಯ ಫಾಲ್ಕನ್ ಕಾರ್ಖಾನೆಯಿಂದ ಡನ್‌ಲಪ್ ಹೆಸರಿನ ದ್ವಿಚಕ್ರ ಟೈರುಗಳು ದೇಶಕ್ಕೆಲ್ಲ ಹೋಗುತ್ತಿದ್ದವು. ಗಾಡಿಯನ್ನೂ ಅದರ ಕಾಲಿನ ರಬ್ಬರನ್ನೂ ಮಾಡುತ್ತಿದ್ದ ಊರದು. ಈಗ ಎರಡು ಕಾರ್ಖಾನೆಗಳೂ ಇಲ್ಲ.) ಹಬ್ಬು ಮತ್ತು ಸ್ಪ್ರಾಕೆಟ್ಟಿನ ನಡುವೆ ಎಳೆತದ ಹೊಡೆತ ತಾಳುವ ರಬ್ಬರು ತುಂಡುಗಳಿರುತ್ತವೆ. ಚಕ್ರ ಬಿಚ್ಚಿದಾಗ ಅವು ನುಜ್ಜಾಗಿದ್ದರೆ ಬದಲಿಸಿಬಿಡಬೇಕು, ಬೇರಿಂಗನ್ನೂ ಕೈಯಲ್ಲಿ ತಿರುಗಿಸಿ ನೋಡಬೇಕು.

ಹೊಸ ಚಕ್ರ ಕೂರಿಸಿದ ಮೇಲೆ ಹಳೆಯ ಮೇಸ್ತ್ರಿಗಳು ಮಾಡುವ ಒಂದು ಕೆಲಸ ನೋಡಲು ಚೆಂದ. ಉದ್ದನೆಯ ದಾರವನ್ನು ಹಿಂದಿನ ಟೈರಿನ ಹಿಂಬದಿಯಿಂದ ಸುತ್ತಿ, ಎರಡೂ ತುದಿಗಳನ್ನು ಗಾಡಿಯ ಎರಡು ಪಕ್ಕದಲ್ಲಿ ಮುಂದಿನ ಚಕ್ರದಾಚೆಗೆ ಬಿಗಿಯಾಗಿ ಎಳೆಯುತ್ತಾರೆ. ದಾರ ಹಿಂದಿನ ಟೈರಿನ ಅಂಚಿಗೆ ಒರಗಿರಬೇಕು. ಮುಂದಿನ ಟೈರು ಕಿರಿದಾದ್ದರಿಂದ ಅಲ್ಲಿ ಎರಡೂ ಕಡೆ ಸಂದು ಬಿಡುತ್ತದೆ. ಆ ಸಂದಿನಲ್ಲಿ ಬೆರಳಿಟ್ಟು, ಎಡ ಬಲ ಸಮ ಬರುವ ತನಕ ಆಕ್ಸಲನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋಗುತ್ತಾರೆ. ಚಕ್ರ ನೇರವಾಗಿದ್ದೂ ಚೈನು ಓರೆಯಾಗಿ ಓಡುತ್ತಿದ್ದರೆ ತಪ್ಪು ಹಬ್ಬಿನ ಬುಶ್ಶಿನಲ್ಲಿದೆ ಎಂದರ್ಥ. ವಾಷರ್ ತುಂಬಿ ಮುಚ್ಚಿಹಾಕದೆ ಲೇತಿನಲ್ಲಿ ಸರಿಯಾದ ಅಳತೆಯ ಬುಶ್ ಕಡೆಸಬೇಕು. ಟೈರಿಗೂ ಚೈನಿಗೂ ನಡುವೆ ಕಿರುಬೆರಳಾದರೂ ಸಲೀಸಾಗಿ ಹೋಗದಿದ್ದರೆ ಆ ಟೈರು ಆ ಗಾಡಿಗಲ್ಲ. ವೇಗಕ್ಕೆ ಟೈರು ಹಿಗ್ಗುತ್ತದೆ, ಚೈನು ಸಡಿಲವಾದರೆ ಅದರುತ್ತದೆ. ಎರಡೂ ಸೇರಿದರೆ ಟೈರಿನ ಪಕ್ಕದ ಗೋಡೆ ತೇಯುತ್ತದೆ.

ಟ್ಯೂಬ್‌ಲೆಸ್ ವಿಷಯದಲ್ಲಿ ಗೊಂದಲ ಬಹಳ. ಅಲಾಯ್ ಅಂದ ಮಾತ್ರಕ್ಕೆ ಟ್ಯೂಬ್‌ಲೆಸ್ ಆಗುವುದಿಲ್ಲ. ಆ ರಿಮ್ಮಿನ ಒಳಗೆ ಟೈರಿನ ಅಂಚು ಜಾರದಂತೆ ತಡೆಯುವ ಉಬ್ಬು ಇರಬೇಕು. ಮಾಮೂಲಿ ಕಡ್ಡಿ ರಿಮ್ಮಿನಲ್ಲಿ ಕಡ್ಡಿಯ ಒಂದೊಂದು ತೂತೂ ಗಾಳಿಗೆ ಬಾಗಿಲು. ಅಂಟು ಬಳಿದು ಮುಚ್ಚಿ ಟ್ಯೂಬ್‌ಲೆಸ್ ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ನಮ್ಮ ಹೊಂಡಗಳನ್ನು ನೆನೆದರೆ ನನಗೆ ಧೈರ್ಯ ಬರುವುದಿಲ್ಲ. ಕಡ್ಡಿ ಚಕ್ರವೇ ಬೇಕೆಂದರೆ ಒಳ್ಳೆಯ ಟ್ಯೂಬು ಹಾಕಿಸಿ ಸುಮ್ಮನಿರುವುದು ಮೇಲು. ಟೈರು ಹೊಸದಾದಾಗ ಟ್ಯೂಬೂ ಹೊಸದಿರಲಿ. ಎಬಿಎಸ್ ಇರುವ ಗಾಡಿಯಾದರೆ ಇನ್ನೊಂದು ಎಚ್ಚರ: ಮುಂದಿನ, ಹಿಂದಿನ ಚಕ್ರಗಳ ವೇಗವನ್ನು ಅದು ಸದಾ ಹೋಲಿಸುತ್ತಿರುತ್ತದೆ. ಹೊಸ ಚಕ್ರದಲ್ಲಿ ಸೆನ್ಸರಿನ ಹಲ್ಲಿನ ಉಂಗುರ ಇಲ್ಲದಿದ್ದರೆ, ಇಲ್ಲವೇ ಎತ್ತರದಲ್ಲಿ ದೊಡ್ಡ ವ್ಯತ್ಯಾಸವಿದ್ದರೆ, ಅದರ ಲೆಕ್ಕಾಚಾರ ತಪ್ಪುತ್ತದೆ. ಹಳೆಯ ಬುಲೆಟ್ಟಿಗೆ ಆ ತಲೆನೋವಿಲ್ಲ. ಅದರ ಸ್ಪೀಡೋಮೀಟರಿಗೂ ಕೇಬಲ್ ಹೋಗುವುದು ಮುಂದಿನ ಚಕ್ರದಿಂದ.

ಕೊಳ್ಳುವಾಗ ಅಳತೆಯ ಪಕ್ಕದ 62P ಯಂಥ ಗುರುತನ್ನೂ ಓದಿ. 62 ಎಂದರೆ ಆ ಟೈರು 265 ಕೆ.ಜಿ. ಹೊರಬಲ್ಲದು, P ಎಂದರೆ ಗಂಟೆಗೆ 150 ಕಿ.ಮೀ. ತನಕದ ವೇಗ. ಕಂಪನಿ ಕೊಟ್ಟ ಟೈರಿಗಿಂತ ಇವೆರಡೂ ಕಡಿಮೆಯಿರಕೂಡದು. ಸಣ್ಣದೊಂದು ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ: 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ‘ಆಫರ್ ಇದೆ ಸಾರ್’ ಎಂದು ಕೈಗೆ ಕೊಡುವ ಟೈರಿನ ಈ ಅಂಕಿ ನೋಡಿಯೇ ಜೇಬಿಗೆ ಕೈ ಹಾಕಿ. ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗಿರಲಿ. ಹೊಸ ಟೈರಿನ ಮೈಮೇಲೆ ಅಚ್ಚಿನ ಜಿಡ್ಡು ಇರುತ್ತದೆ, ಮೊದಲ ನೂರೈವತ್ತು ಕಿಲೋಮೀಟರು ತಿರುವುಗಳಲ್ಲಿ ಶೌರ್ಯ ಬೇಡ.

ಇಷ್ಟೆಲ್ಲ ಆದ ಮೇಲೂ ಕಾನೂನು ಉಳಿಯುತ್ತದೆ. ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿದಿದೆ. ಮೂಲ ಎತ್ತರಕ್ಕೆ ಹೊಂದುವ ಟೈರು ಆರಿಸಿದವರಿಗೆ ಗಾಡಿಯ ನಡೆ ಕೆಡುವ ಭಯವಿಲ್ಲ ನಿಜ, ಆದರೆ ಪೊಲೀಸರಿಗೂ ವಿಮೆ ಕಂಪನಿಗೂ ಆ ಲೆಕ್ಕ ಒಪ್ಪಿಸಲು ಹೊರಡುವುದು ಸುಲಭವಲ್ಲ. ಹದಿನೈದು ವರ್ಷ ದಾಟಿದ ಬುಲೆಟ್ಟು ನೋಂದಣಿ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಲೇಬೇಕು. ಹಾಗಾಗಿ ಬಿಚ್ಚಿದ ಹಳೆಯ ಚಕ್ರವನ್ನು ಜೆ.ಸಿ. ರಸ್ತೆಯಲ್ಲೇ ನೂರಿನ್ನೂರಕ್ಕೆ ಬಿಟ್ಟು ಬರಬೇಡಿ. ಎಣ್ಣೆ ಸವರಿ ಅಟ್ಟದ ಮೇಲಿಟ್ಟರೆ ಆ ದಿನಕ್ಕೂ ಆಯಿತು, ಮಾರುವ ದಿನ ‘ಒರಿಜಿನಲ್ ವೀಲ್ ಇದ್ಯಾ ಸಾರ್?’ ಎಂದು ಕೇಳುವವನಿಗೂ ಆಯಿತು.