ಹಿನ್ನೆಲೆ ಹೋಗಲಿ, ಬಿಳಿ ಶರ್ಟು ಉಳಿಯಲಿ

ಹುಣಸೂರಿನ ಹನುಮ ಜಯಂತಿಯಿರಲಿ, ಕೆ.ಆರ್. ನಗರದ ಕಡೆಯ ಚುಂಚನಕಟ್ಟೆ ಜಾತ್ರೆಯಿರಲಿ, ಶುಭ ಕೋರುವ ಬ್ಯಾನರ್ ಇಲ್ಲದಿದ್ದರೆ ಕಳೆಯಿಲ್ಲ. ಪಿರಿಯಾಪಟ್ಟಣವಾಗಲಿ, ಎಚ್.ಡಿ. ಕೋಟೆಯಾಗಲಿ, ಬ್ಯಾನರ್ ಮಾಡುವವರ ಕೆಲಸ ಒಂದೇ: ಬಂದ ಫೋಟೊಗಳ ಹಿನ್ನೆಲೆ ತೆಗೆದು, ಆಳುಗಳನ್ನು ಸಾಲಾಗಿ ನಿಲ್ಲಿಸುವುದು. ನೂರು ಫೋಟೊ ಇದ್ದರೆ ಮೌಸ್ ಹಿಡಿದ ಕೈ ಸೋಲುತ್ತದೆ. ಪೈಥಾನ್‌ನಲ್ಲಿ ಹತ್ತಾರು ಸಾಲು ಕೋಡ್ ಬರೆದರೆ ಇಡೀ ಫೋಲ್ಡರ್ ಒಮ್ಮೆಗೇ ಮುಗಿಯುತ್ತದೆ.

ಚಿತ್ರದ ಪ್ರತಿ ಚುಕ್ಕಿಯಲ್ಲೂ ಕೆಂಪು, ಹಸಿರು, ನೀಲಿಗೆ ಒಂದೊಂದು ಸಂಖ್ಯೆ ಇರುತ್ತದೆ, 0ರಿಂದ 255ರವರೆಗೆ. ಮೂರೂ 255 ಆದರೆ ಅಚ್ಚ ಬಿಳಿ. ನಾಲ್ಕನೆಯದು ಆಲ್ಫಾ: 255 ಇದ್ದರೆ ಚುಕ್ಕಿ ಪೂರ್ತಿ ಕಾಣುತ್ತದೆ, 0 ಆದರೆ ಪಾರದರ್ಶಕ. ಜೆಪೆಗ್‌ನಲ್ಲಿ ಆಲ್ಫಾಗೆ ಜಾಗವಿಲ್ಲ. ಆದ್ದರಿಂದ ‘ಪಿಲ್ಲೋ’ ಲೈಬ್ರರಿಯಲ್ಲಿ ಚಿತ್ರವನ್ನು ತೆರೆದು, ಈ ನಾಲ್ಕೂ ಸಂಖ್ಯೆಗಳಿರುವ ಆರ್‌ಜಿಬಿಎ ರೂಪಕ್ಕೆ ಬದಲಿಸಿ, ಕೊನೆಗೆ ಪಿಎನ್‌ಜಿಯಾಗಿಯೇ ಉಳಿಸಬೇಕು.

ಹಿನ್ನೆಲೆ ಬಿಳಿಯಾಗಿದ್ದರೆ ಹೊಸಬರು ಮೊದಲು ಬರೆಯುವ ಕೋಡ್ ಇದು: ಮೂರೂ ಸಂಖ್ಯೆ 240 ದಾಟಿದರೆ ಆಲ್ಫಾ 0 ಮಾಡು. ಜೆಪೆಗ್‌ನ ಬಿಳಿ 250, 252 ಎಂದು ಅಲುಗಾಡುವುದರಿಂದ 255 ಎಂದೇ ಹಟ ಹಿಡಿಯುವಂತಿಲ್ಲ. ಸೀಲು, ಸಹಿ, ಲೋಗೊಗೆ ಇಷ್ಟೇ ಸಾಕು. ಆದರೆ ನಮ್ಮ ಮುಖಂಡರು ತೊಡುವುದೇ ಬಿಳಿ ಶರ್ಟು, ಬಿಳಿ ಪಂಚೆ. ಹಿಂದಿನ ಬಿಳಿ ಗೋಡೆಯ ಜೊತೆಗೆ ಬಟ್ಟೆಯೂ ಮಾಯವಾಗಿ, ತಲೆ ಮತ್ತು ಕೈ ಮಾತ್ರ ಉಳಿಯುತ್ತವೆ!

ಇದಕ್ಕೆ ಮದ್ದು ಪಿಲ್ಲೋದಲ್ಲೇ ಇರುವ ‘ಫ್ಲಡ್‌ಫಿಲ್’. ಗದ್ದೆಗೆ ನೀರು ಬಿಟ್ಟ ಹಾಗೆ ಇದು ನಾವು ಕೊಟ್ಟ ಬಿಂದುವಿನಿಂದ, ಸಾಮಾನ್ಯವಾಗಿ ಚಿತ್ರದ ಮೇಲಿನ ಮೂಲೆಗಳಿಂದ, ಹರಿದು, ಅದೇ ಬಣ್ಣದ ಚುಕ್ಕಿಗಳನ್ನಷ್ಟೇ ಪಾರದರ್ಶಕ ಮಾಡುತ್ತ ಹೋಗುತ್ತದೆ. ಬದು ಸಿಕ್ಕಲ್ಲಿ ನಿಲ್ಲುತ್ತದೆ. ಬಣ್ಣ ಎಷ್ಟು ಬೇರೆಯಾದರೆ ನಿಲ್ಲಬೇಕು ಎಂಬುದನ್ನು ‘ಥ್ರೆಶ್’ ಎಂಬ ಸಂಖ್ಯೆ ಹೇಳುತ್ತದೆ. 30ರಿಂದ ಶುರುಮಾಡಿ ನೋಡಿ. ಅಂಚಿನಲ್ಲಿ ಬಿಳಿ ಉಳಿದರೆ ಏರಿಸಿ, ಶರ್ಟಿನೊಳಗೆ ನುಗ್ಗಿದರೆ ಇಳಿಸಿ. ಕೈ ಮತ್ತು ಸೊಂಟದ ನಡುವಿನ ಸಂದಿಗೆ ನೀರು ಹೋಗದು. ಅಲ್ಲಿ ಇನ್ನೊಂದು ಬಿಂದು ಕೊಡಬೇಕು.

ಭುಜ ಎಲ್ಲಿ, ಗೋಡೆ ಎಲ್ಲಿ ಎಂದು ಕಣ್ಣಿಗೇ ತಿಳಿಯದ ಫೋಟೊಗಳಲ್ಲಿ ಬದುವೇ ಇರುವುದಿಲ್ಲ. ಅಂಥವಕ್ಕೆ ‘ರೆಂಬಿಜಿ’ ಲೈಬ್ರರಿ ಬಳಸಿ. ಅದು ಬಣ್ಣವನ್ನಷ್ಟೇ ನಂಬದೆ, ಕಲಿತ ಮಾದರಿಯಿಂದ ಆಕೃತಿಯನ್ನೇ ಗುರುತಿಸುತ್ತದೆ. ಮಾದರಿಯನ್ನು ಇಳಿಸಿಕೊಳ್ಳಲು ಮೊದಲ ಸಲ ಇಂಟರ್‌ನೆಟ್ ಬೇಕು. ಆಮೇಲೆ ಫೋಟೊ ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ. ಕೆದರಿದ ಕೂದಲಿನ ಅಂಚನ್ನು ಮಾತ್ರ ಕೈಯಲ್ಲೇ ತಿದ್ದಬೇಕಾದೀತು.

ಎಲ್ಲಕ್ಕಿಂತ ಅಗ್ಗದ ಉಪಾಯ ಸ್ಟುಡಿಯೋದಲ್ಲೇ ಇದೆ. ಬಿಳಿ ಬಟ್ಟೆಯವರು ಬಂದು ನಿಂತಾಗ ಹಿಂದೆ ನೀಲಿ ಪರದೆ ಇಳಿಬಿಡಿ.